ಕಾರ್ಬನ್ ಕೋಟರ್: ರಾಡಾ ಫೈಬರಾ ಅಂತ ಕೇಳುವ ಮೊದಲು ಪಂಪ್ ಯಾವುದು ಅಂತ ಕೇಳಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಹಳೆಯ ಇಂಡೆಂಟ್ (ಖರೀದಿ ಬೇಡಿಕೆ) ಫೈಲ್ ನೆನಪಾಯಿತು. ಡಿಪಾರ್ಟ್‌ಮೆಂಟಿಗೆ ಹೊಸ ಎಸ್‌ಇಎಂ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಬಂದಿದೆ, ಜೊತೆಗೆ ಎಕ್ಸ್‌ರೇ ನೋಡಿ ಧಾತು ಗುರುತಿಸುವ ಇಡಿಎಸ್ ಇದೆ, ಕಲ್ಲನ್ನು ತೆಳ್ಳಗೆ ಸೀಳಿ ಗಾಜಿಗೆ ಅಂಟಿಸಿದ ಥಿನ್ ಸೆಕ್ಷನ್‌ಗಳಿಗೆ ಕರೆಂಟ್ ಹರಿಯಲಿ ಅಂತ ತೆಳುವಾಗಿ ಕಾರ್ಬನ್ ಹಾಕಬೇಕು. ಆವಿ ಮಾಡಲು ಕಾರ್ಬನ್ ರಾಡ್ ಒಳ್ಳೆಯದಾ, ಫೈಬರ್ ಅಂದರೆ ಕಾರ್ಬನ್ ದಾರ ಒಳ್ಳೆಯದಾ, ಚಿನ್ನ ಮತ್ತು ಕಾರ್ಬನ್ ಎರಡನ್ನೂ ಹಾಕುವ ಒಂದೇ ಮೆಷಿನ್ ಸಾಕಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿದ್ದೆ. ಉತ್ತರ ಸಿಕ್ಕಿತು, ಮೆಷಿನ್ ಬಂತು, ನನ್ನ ಪಿಎಚ್‌ಡಿಯ ಒಂದೂವರೆ ವರ್ಷ ಹೋಯಿತು.

ನನ್ನದು ಕ್ಲೋಸ್‌ಪೇಟೆ ಗ್ರಾನೈಟ್ ಮೇಲಿನ ಕೆಲಸ. ರಾಮನಗರದ ಬಂಡೆಗಳಿವೆಯಲ್ಲ, ಅದೇ. ಊರಿನ ಹಳೆಯ ಹೆಸರು ಕಲ್ಲಿಗೆ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಅದರೊಳಗೆ ಸಣ್ಣ ಸಣ್ಣ ಅಪಟೈಟ್ (ಒಂದು ಫಾಸ್ಫೇಟ್ ಖನಿಜ) ಕಾಳುಗಳಿರುತ್ತವೆ. ಆ ಅಪಟೈಟ್‌ನಲ್ಲಿ ಎಷ್ಟು ಫ್ಲೋರಿನ್ ಇದೆ ಎಂದು ಅಳೆಯುವುದು ನನ್ನ ಥೀಸಿಸ್ಸಿನ ಅರ್ಧ ಭಾಗ.

ಅಪಟೈಟ್‌ಗೆ ಚಿನ್ನ ಹಾಕುವ ಹಾಗಿಲ್ಲ. ಅದರ ಮುಖ್ಯ ಧಾತುಗಳಲ್ಲಿ ಒಂದು ರಂಜಕ, ರಂಜಕದ ಎಕ್ಸ್‌ರೇ ಗೆರೆ 2.01 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಬರುತ್ತದೆ. ಚಿನ್ನದ ಎಂ ಗೆರೆ 2.12ರಲ್ಲಿ. ಇಡಿಎಸ್‌ಗೆ ಇವೆರಡನ್ನು ಬಿಡಿಸಲು ಆಗುವುದಿಲ್ಲ, ಒಂದರ ಮೇಲೊಂದು ಕೂರುತ್ತವೆ. ಜಿರ್ಕಾನ್‌ಗೂ ಇದೇ ತೊಂದರೆ, ಜಿರ್ಕೋನಿಯಂ ಗೆರೆ 2.04. ಹಾಗಾಗಿ ಕಲ್ಲು ಓದುವವರಿಗೆ ಕಾರ್ಬನ್ ಬೇಕೇ ಬೇಕು. ಇಷ್ಟು ನಿಮಗೆ ಗೊತ್ತಿರುತ್ತದೆ.

ಈಗ ನನ್ನ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದರೆ ನೀವು ಕೇಳಿದ ಪ್ರಶ್ನೆಯೊಳಗೇ ಆ ತಪ್ಪು ಕೂತಿದೆ.

ಟೆಂಡರ್‌ಗೆ ಸ್ಪೆಸಿಫಿಕೇಶನ್ ಬರೆಯಲು ಗೈಡ್ ನನಗೇ ಹೇಳಿದರು. ನಾನು ಒಂದೇ ಸಾಲು ಬರೆದೆ: ಚಿನ್ನ ಮತ್ತು ಕಾರ್ಬನ್ ಎರಡನ್ನೂ ಲೇಪಿಸಬಲ್ಲ ಕೋಟರ್, ಪಂಪ್ ಸಹಿತ. ಯಾವ ಪಂಪ್ ಅಂತ ಬರೆಯಲಿಲ್ಲ. ಚೇಂಬರ್ ಒಳಗೆ ಎಷ್ಟು ವ್ಯಾಕ್ಯೂಮ್ ಬೇಕು ಅಂತಲೂ ಬರೆಯಲಿಲ್ಲ. ನಮ್ಮಲ್ಲಿ ಆಮೇಲೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬರೆದ ಷರತ್ತಿಗೆ ಹೊಂದಿದವರಲ್ಲಿ ಯಾರ ಬೆಲೆ ಕಡಿಮೆಯೋ ಅವರು ಎಲ್-1. ತುಂಬಾ ಆಳವಾದ ವ್ಯಾಕ್ಯೂಮ್ ಕೊಡುವ ಟರ್ಬೊ ಪಂಪ್ ಇದ್ದ ಮೆಷಿನ್‌ಗಳೂ ಕೊಟೇಶನ್‌ನಲ್ಲಿದ್ದವು, ಅವು ಬೆಲೆಯಲ್ಲಿ ಮೇಲೆ ಹೋದವು. ಬಂದದ್ದು ಚಿನ್ನದ ಸ್ಪಟರ್ ಕೋಟರ್, ಅದಕ್ಕೆ ಕಾರ್ಬನ್ ದಾರದ ಒಂದು ತಲೆ, ಕೆಳಗೆ ಬರೀ ರೋಟರಿ ಪಂಪ್. ಮಾರಿದವರು ಸುಳ್ಳು ಹೇಳಿರಲಿಲ್ಲ. ಚಿನ್ನವೂ ಬೀಳುತ್ತಿತ್ತು, ಕಾರ್ಬನ್ನೂ ಬೀಳುತ್ತಿತ್ತು.

ಆದರೆ ಚಿನ್ನ ಬೀಳುವ ರೀತಿ ಬೇರೆ, ಕಾರ್ಬನ್ ಬೀಳುವ ರೀತಿ ಬೇರೆ. ಸ್ಪಟರಿಂಗ್‌ಗೆ ಚೇಂಬರ್‌ನಲ್ಲಿ ಸ್ವಲ್ಪ ಆರ್ಗಾನ್ ಇರಲೇಬೇಕು. ಆ ಆರ್ಗಾನ್ ಅಯಾನುಗಳೇ ಚಿನ್ನದ ತಟ್ಟೆಗೆ ಬಡಿದು ಪರಮಾಣುಗಳನ್ನು ಕೀಳುವುದು. ಅದಕ್ಕೆ ರೋಟರಿ ಪಂಪ್ ಸಾಕು. ಕಾರ್ಬನ್ ಹಾಗಲ್ಲ. ದಾರವೋ ರಾಡೋ, ಕರೆಂಟ್ ಹರಿಸಿ ಬಿಳಿ ಬೆಂಕಿಯಾಗುವ ತನಕ ಕಾಯಿಸುತ್ತೀರಿ, ಅದು ಕರಗದೆ ನೇರವಾಗಿ ಆವಿಯಾಗುತ್ತದೆ. ಆ ಆವಿ ಸ್ಯಾಂಪಲ್ ತನಕ ನೇರ ಗೆರೆಯಲ್ಲಿ ಬರಬೇಕು. ದಾರಿಯಲ್ಲಿ ಗಾಳಿ ಇರಬಾರದು.

ಇಂಥ ಕೋಟರ್‌ನಲ್ಲಿ ರೋಟರಿ ಪಂಪ್ ಕೊಡುವುದು ಹೆಚ್ಚೆಂದರೆ 0.01 ಮಿಲಿಬಾರ್ ಆಸುಪಾಸು. ಆ ಒತ್ತಡದಲ್ಲಿ ಗಾಳಿಯ ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಹೋಗುವ ದೂರ ಸರಾಸರಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾರ್ಬನ್ ಪರಮಾಣುವಿನ ಗತಿಯೂ ಹೆಚ್ಚು ಕಡಿಮೆ ಅದೇ. ನನ್ನ ಸ್ಯಾಂಪಲ್ ದಾರದಿಂದ ಹತ್ತು ಸೆಂಟಿಮೀಟರ್ ಕೆಳಗಿತ್ತು. ಜಾತ್ರೆಯ ಜನರ ನಡುವೆ ನುಗ್ಗಿಕೊಂಡು ಬಂದ ಹಾಗೆ. ತೇರಿನ ಹತ್ತಿರ ತಲುಪುವ ಹೊತ್ತಿಗೆ ಯಾರು ಎಲ್ಲಿಂದ ಬಂದರು ಅಂತಲೇ ಗೊತ್ತಾಗುವುದಿಲ್ಲ. ಡಿಕ್ಕಿ ಹೊಡೆದ ಕಾರ್ಬನ್ ಗುಂಪುಗಟ್ಟುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ, ಲಾಟೀನಿನ ಗಾಜಿಗೆ ಹಿಡಿದ ಮಸಿಯ ಹಾಗೆ ಸಡಿಲವಾಗಿ ಕೂರುತ್ತದೆ. ಅದೇ ಟರ್ಬೊ ಪಂಪ್‌ನಿಂದ 0.00001 ಮಿಲಿಬಾರ್‌ಗೆ ಇಳಿಸಿದರೆ ಆ ದೂರ ಆರು ಮೀಟರ್ ದಾಟುತ್ತದೆ. ಅಂದರೆ ಚೇಂಬರ್ ಪೂರ್ತಿ ಖಾಲಿ ರಸ್ತೆ. ಪರಮಾಣು ಹೊರಟ ವೇಗದಲ್ಲೇ ಬಂದು ಗಟ್ಟಿಯಾಗಿ ಅಂಟುತ್ತದೆ.

ಇದು ಯಾವುದೂ ನನಗೆ ಆಗ ಗೊತ್ತಿರಲಿಲ್ಲ. ಸೆಕ್ಷನ್ ಕಪ್ಪಗೆ ಕಂಡಿತು, ಚಾರ್ಜಿಂಗ್ (ಎಲೆಕ್ಟ್ರಾನ್ ಶೇಖರವಾಗಿ ಚಿತ್ರ ಕೆಡುವುದು) ಆಗಲಿಲ್ಲ, ಚಿತ್ರ ಬಂತು. ಖುಷಿಯಿಂದ ಹನ್ನೊಂದು ಸೆಕ್ಷನ್‌ಗೆ ಕೋಟ್ ಹಾಕಿಕೊಂಡು ಬೇರೆ ಊರಿನ ಒಂದು ಮೈಕ್ರೋಪ್ರೋಬ್ (ಎಲೆಕ್ಟ್ರಾನ್ ಬೀಮ್ ಬಿಟ್ಟು ಧಾತುಗಳ ಪ್ರಮಾಣ ಅಳೆಯುವ ಯಂತ್ರ) ಲ್ಯಾಬ್‌ಗೆ ಹೋದೆ.

ಫ್ಲೋರಿನ್ ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. ಒಂದೇ ಸೆಕ್ಷನ್‌ನ ಈ ತುದಿಯಲ್ಲಿ ಒಂದು, ಆ ತುದಿಯಲ್ಲಿ ಇನ್ನೊಂದು. ನಾನು ಬೀಮ್ ಮೇಲೆ ಅನುಮಾನಪಟ್ಟೆ. ಅನುಮಾನಕ್ಕೆ ಕಾರಣವೂ ಇತ್ತು: ಎಲೆಕ್ಟ್ರಾನ್ ಬೀಮ್ ಬಿದ್ದಾಗ ಅಪಟೈಟ್‌ನ ಫ್ಲೋರಿನ್ ಎಣಿಕೆ ಹೊತ್ತಿಗೆ ತಕ್ಕ ಹಾಗೆ ಬದಲಾಗುತ್ತದೆ, ಕಾಳಿನ ಸಿ-ಅಕ್ಷ (ಹರಳಿನ ಉದ್ದದ ದಿಕ್ಕು) ಬೀಮ್‌ಗೆ ಸಮಾನಾಂತರ ಇದ್ದರೆ ಇನ್ನೂ ಜಾಸ್ತಿ. ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದನ್ನೇ ಹಿಡಿದುಕೊಂಡು ಕರೆಂಟ್ ಇಳಿಸಿದೆ, ಬೀಮ್ ಅಗಲ ಮಾಡಿದೆ, ಕಾಳುಗಳ ದಿಕ್ಕು ನೋಡಿ ನೋಡಿ ಆರಿಸಿದೆ. ಮೂರು ಸಲ ಸ್ಲಾಟ್ ಬುಕ್ ಮಾಡಿದೆ. ಪ್ರತಿ ಸ್ಲಾಟ್‌ಗೂ ತಿಂಗಳುಗಟ್ಟಲೆ ಕಾಯಬೇಕಿತ್ತು.

ಮೂರನೇ ಸಲ ಅಲ್ಲಿನ ಹಿರಿಯ ಆಪರೇಟರ್ ಸೆಕ್ಷನ್ ಒಂದನ್ನು ರಿಫ್ಲೆಕ್ಟೆಡ್ ಲೈಟ್ ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಎರಡು ತುದಿಯಲ್ಲಿ ಎರಡು ಪೈರೈಟ್ (ಹೊಳೆಯುವ ಹಳದಿ ಖನಿಜ) ಕಾಳು. ಒಂದು ನೀಲಿಯಾಗಿ ಕಂಡಿತು, ಇನ್ನೊಂದು ಕೆಂಪು ಕಂದು. "ಪೈರೈಟ್ ಎರಡೂ ಒಂದೇ ಬಣ್ಣ ಇರಬೇಕಲ್ವಾ?" ಅಂದರು. ಆಮೇಲೆ ಟಿಶ್ಯೂ ಪೇಪರ್‌ನಿಂದ ಸೆಕ್ಷನ್ ಮೂಲೆಯನ್ನು ಮೆಲ್ಲಗೆ ಒರೆಸಿದರು. ಪೇಪರ್‌ಗೆ ಕಪ್ಪು ಹತ್ತಿತು. "ನಿನ್ನ ಹಿತ್ತಾಳೆ ಎಲ್ಲಿ?" ಅಂತ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಪಾಲಿಶ್ ಮಾಡಿದ ಹಿತ್ತಾಳೆಯ ಚೂರನ್ನು ಸ್ಯಾಂಪಲ್ ಪಕ್ಕದಲ್ಲಿಟ್ಟು ಕೋಟ್ ಹಾಕಿದರೆ, ಕಾರ್ಬನ್ ದಪ್ಪವಾದ ಹಾಗೆ ಅದರ ಬಣ್ಣ ಬದಲಾಗುತ್ತದೆ. ಕಿತ್ತಳೆ ಬಂದರೆ ಸುಮಾರು 15 ನ್ಯಾನೋಮೀಟರ್. ಕೆಂಪು ಮಿಶ್ರಿತ ನೀಲಿ, ಅಂದರೆ ನೇರಳೆ ಹಣ್ಣಿನ ಕಡೆಗೆ ಹೋದರೆ 20. ನೀಲಿ 25. ಹಸಿರು ತಿರುಗಿದರೆ 30ರ ಆಚೆ. 1973ರಲ್ಲಿ ಕೆರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ ಇದು, ಇವತ್ತಿಗೂ ಪ್ರೋಬ್ ಲ್ಯಾಬ್‌ಗಳಲ್ಲಿ ನಡೆಯುತ್ತದೆ. ನಮಗೆ ಬೇಕಾದದ್ದು 20. ಅದಕ್ಕಿಂತ ಮುಖ್ಯ, ಸ್ಯಾಂಪಲ್ ಮೇಲೂ ಸ್ಟ್ಯಾಂಡರ್ಡ್ (ಹೋಲಿಸಿ ನೋಡಲು ಇಡುವ, ಪ್ರಮಾಣ ಗೊತ್ತಿರುವ ಖನಿಜ) ಮೇಲೂ ಒಂದೇ ದಪ್ಪ ಇರಬೇಕು. ಫ್ಲೋರಿನ್‌ನ ಎಕ್ಸ್‌ರೇ ಬರೀ 0.68 ಕೆಇವಿ. ಅಷ್ಟು ಬಲಹೀನ ಎಕ್ಸ್‌ರೇಯನ್ನು ಕಾರ್ಬನ್ ಪದರ ದಪ್ಪವಾದಷ್ಟೂ ಹೀರಿಕೊಳ್ಳುತ್ತದೆ. ನನ್ನ ಸೆಕ್ಷನ್‌ನಲ್ಲಿ ದಾರದ ಕೆಳಗಿದ್ದ ಕಾಳುಗಳಲ್ಲಿ ಫ್ಲೋರಿನ್ ಕಡಿಮೆ, ದೂರ ಇದ್ದವುಗಳಲ್ಲಿ ಜಾಸ್ತಿ. ನಾನು ಮೂರು ಸಲ ಅಳೆದದ್ದು ಗ್ರಾನೈಟ್ ಅಲ್ಲ, ಮಸಿಯ ದಪ್ಪ. ಆ ಡೇಟಾ ಅಷ್ಟನ್ನೂ ಬಿಟ್ಟೆ.

ಹೊಸ ಮೆಷಿನ್‌ಗೆ ದುಡ್ಡಿರಲಿಲ್ಲ. ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ನಲ್ಲಿ ಗಾಜಿನ ಬೆಲ್ ಜಾರ್ ಇದ್ದ ಹಳೆಯ ಕೋಟಿಂಗ್ ಯೂನಿಟ್ ಒಂದಿತ್ತು. ಥಿನ್ ಫಿಲ್ಮ್‌ಗೆ ಅಂತ ಎಷ್ಟೋ ವರ್ಷದ ಹಿಂದೆ ಕೊಂಡದ್ದು. ಟರ್ಬೊದ ಹಾಗೆಯೇ ಆಳವಾದ ವ್ಯಾಕ್ಯೂಮ್ ಕೊಡುವ ಡಿಫ್ಯೂಷನ್ ಪಂಪ್, ದ್ರವ ನೈಟ್ರೋಜನ್ ಟ್ರ್ಯಾಪ್. ಅದಕ್ಕೆ ಎರಡು ಗ್ರಾಫೈಟ್ ರಾಡ್ ಹಿಡಿಯುವ ಸ್ಪ್ರಿಂಗ್ ಹೋಲ್ಡರ್ ಮಾಡಿಸಿದೆವು, ವರ್ಕ್‌ಶಾಪ್‌ನಲ್ಲೇ. ಒಂದು ರಾಡ್ ತುದಿಯನ್ನು ಸಣ್ಣ ಕತ್ತಿನ ಹಾಗೆ ತೆಳ್ಳಗೆ ಮಾಡಿ ಇನ್ನೊಂದಕ್ಕೆ ತಾಗಿಸುವುದು. ಮೊದಲು ಶಟರ್ ಮುಚ್ಚಿ, ಮಂದ ಕೆಂಪು ಬರುವ ತನಕ ಕಾಯಿಸಿ ರಾಡ್‌ನೊಳಗಿನ ಗಾಳಿ ಬಿಡಿಸುವುದು. ಆಮೇಲೆ ಶಟರ್ ತೆಗೆದು ಕರೆಂಟ್ ಏರಿಸುವುದು. ಬರಿಗಣ್ಣಲ್ಲಿ ನೋಡಬೇಡಿ, ವೆಲ್ಡಿಂಗ್ ಗಾಜು ಹಿಡಿದುಕೊಳ್ಳಿ. ಮಳೆಗಾಲದಲ್ಲಿ ಜಾರ್‌ನ ಒಳಗೋಡೆಗೆ ತೇವ ಕೂತು ವ್ಯಾಕ್ಯೂಮ್ ಇಳಿಯಲು ಸಂಜೆಯಾಗುತ್ತಿತ್ತು. ಅರಾಲ್ಡೈಟ್‌ನಲ್ಲಿ ಅಂಟಿಸಿದ ಸೆಕ್ಷನ್‌ಗಳನ್ನು ಹಿಂದಿನ ರಾತ್ರಿಯೇ ಬೆಚ್ಚಗಿನ ಓವನ್‌ನಲ್ಲಿಟ್ಟು ಒಣಗಿಸುತ್ತಿದ್ದೆ. ಥೀಸಿಸ್ ಮುಗಿದದ್ದು ಆ ಹಳೆಯ ಯೂನಿಟ್‌ನಿಂದ.

ಅದಕ್ಕೇ ನಿಮಗೆ ಹೇಳುತ್ತೇನೆ, ಮೊದಲು ನಿಮ್ಮ ಕ್ಯಾಂಪಸ್‌ನಲ್ಲಿ ಒಂದು ಸುತ್ತು ಹಾಕಿ. ಇಂಥ ಯೂನಿಟ್ ಧೂಳು ಹಿಡಿದು ಕೂತಿರಬಹುದು. ಇದ್ದರೆ ಈ ವರ್ಷ ಕೋಟರ್ ಕೊಳ್ಳಲೇಬೇಡಿ. ನಿಮ್ಮ ಎಸ್‌ಇಎಂನಲ್ಲಿ ಲೋ ವ್ಯಾಕ್ಯೂಮ್ ಮೋಡ್ (ಚೇಂಬರ್‌ನಲ್ಲಿ ಸ್ವಲ್ಪ ಅನಿಲ ಉಳಿಸಿಕೊಂಡು ನೋಡುವ ವ್ಯವಸ್ಥೆ) ಇದೆಯಾ ಅಂತಲೂ ನೋಡಿ. ಯಾವ ಖನಿಜ ಅಂತ ಗುರುತಿಸುವುದಷ್ಟೇ ಕೆಲಸವಾದರೆ ಕೋಟಿಂಗ್ ಇಲ್ಲದೆಯೇ ಆಗುತ್ತದೆ. ಅಂಕಿಗಳು ಬೇಕು ಅಂದರೆ ಮಾತ್ರ ಆಗುವುದಿಲ್ಲ, ಅಲ್ಲಿ ಬೀಮ್ ಚದುರಿ ಪಕ್ಕದ ಕಾಳಿನ ಎಕ್ಸ್‌ರೇಯೂ ಸೇರಿಕೊಳ್ಳುತ್ತದೆ.

ಕೊಳ್ಳುವುದೇ ಆದರೆ ಟರ್ಬೊ ಪಂಪ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಟರ್ಬೊ ಇದ್ದರೆ ಚಿನ್ನ-ಕಾರ್ಬನ್ ಒಂದೇ ಮೆಷಿನ್ ಆದರೂ ಪರವಾಗಿಲ್ಲ. ರಾಡಾ ಫೈಬರಾ ಅನ್ನುವುದು ಆಮೇಲಿನ ಮಾತು. ಸೆಕ್ಷನ್‌ಗೆ ಫೈಬರ್ ಸಾಕು, ಬದಲಿಸುವುದು ಸುಲಭ. ಒಂದೇ ಸಲ ಸುಟ್ಟುಬಿಡದೆ ಸ್ವಲ್ಪ ಸ್ವಲ್ಪವಾಗಿ ಪಲ್ಸ್ ಕೊಡುವಂಥದ್ದು ಆರಿಸಿ. ಮುಂದೆ ಯಾರಾದರೂ ಟಿಇಎಂ (ಟ್ರಾನ್ಸ್‌ಮಿಶನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಗ್ರಿಡ್‌ಗೆ ತೆಳು ಪದರ ಮಾಡುವವರಿದ್ದರೆ ರಾಡ್ ತೆಗೆದುಕೊಳ್ಳಿ, ಪದರ ನಯವಾಗಿ ಬರುತ್ತದೆ. ತಿರುಗುವ, ಓರೆಯಾಗುವ ಸ್ಟೇಜ್ ಒರಟು ಸ್ಯಾಂಪಲ್‌ಗೆ ಬೇಕು, ಪಾಲಿಶ್ ಮಾಡಿದ ಚಪ್ಪಟೆ ಸೆಕ್ಷನ್‌ಗೆ ಅದಕ್ಕಾಗಿ ದುಡ್ಡು ಹಾಕಬೇಡಿ. ಕ್ವಾರ್ಟ್ಜ್ ಥಿಕ್‌ನೆಸ್ ಮಾನಿಟರ್ ಇದ್ದರೆ ಒಳ್ಳೆಯದು, ಆದರೆ ಅದು ಹೇಳುವುದು ತಾನು ಕೂತ ಜಾಗದ ದಪ್ಪವನ್ನು. ಮಾನಿಟರ್ ಇದ್ದರೂ ಹಿತ್ತಾಳೆ ಇಡಿ. ನಾನು ಸೆಕ್ಷನ್‌ನ ಎರಡೂ ತುದಿಗೆ ಒಂದೊಂದು ಇಡುತ್ತೇನೆ, ಎರಡರ ಬಣ್ಣವೂ ಒಂದೇ ಬರುವ ತನಕ ಆ ಸೆಕ್ಷನ್ ಪ್ರೋಬ್‌ಗೆ ಹೋಗುವುದಿಲ್ಲ.

ಸ್ಪೆಸಿಫಿಕೇಶನ್‌ನಲ್ಲಿ ಹೀಗೆ ಬರೆಯಿರಿ: ಟರ್ಬೊ ಮಾಲಿಕ್ಯುಲರ್ ಪಂಪ್ ಕಡ್ಡಾಯ, ಚೇಂಬರ್ ಒಳಗೆ 0.00005 ಮಿಲಿಬಾರ್ ಅಥವಾ ಅದಕ್ಕಿಂತ ಕಡಿಮೆ ಒತ್ತಡ, ಅಲ್ಲಿಗೆ ಇಳಿಯಲು ಎಷ್ಟು ನಿಮಿಷ ಅನ್ನುವುದನ್ನೂ ಸೇರಿಸಿ, ಇನ್‌ಸ್ಟಾಲ್ ಮಾಡುವ ದಿನ ನಿಮ್ಮದೇ ಸ್ಯಾಂಪಲ್ ಮೇಲೆ, ಹಿತ್ತಾಳೆ ಚೂರಿನ ಜೊತೆ ಹಾಕಿ ತೋರಿಸಬೇಕು. ನಾಲ್ಕೇ ಮಾತು. ಇಂಡೆಂಟ್ ಮೇಲೆ ಸಹಿ ಬೀಳುವ ಮೊದಲು ನೀವು ಬರೆದದ್ದನ್ನು ಇಲ್ಲಿ ಕಾಮೆಂಟ್‌ನಲ್ಲಿ ಹಾಕಿ, ನಾನು ಓದಿ ಹೇಳುತ್ತೇನೆ.