ದಿಂಬಿನಡಿಯ ಆಕ್ಸಿಮೀಟರ್

ಅಕ್ಕಾ, ನನಗೆ ನಲವತ್ತೆರಡು ವರ್ಷ. ಮನೆ ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಯಜಮಾನರು ಮಾಟುಂಗದ ಹೋಟೆಲೊಂದರಲ್ಲಿ ಕ್ಯಾಷಿಯರ್. ಏಪ್ರಿಲ್‌ನಲ್ಲಿ ಮನೆಮಂದಿಗೆಲ್ಲ ಕೋವಿಡ್ ಬಂದುಹೋಯಿತು. ನಮ್ಮದು ಜ್ವರದಲ್ಲೇ ಮುಗಿಯಿತು. ಎದುರು ಮನೆಯ ಅಜ್ಜಿ ಆಂಬುಲೆನ್ಸ್ ಹತ್ತಿದವರು ಮರಳಲಿಲ್ಲ. ಅಂದಿನಿಂದ ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಢವಢವ ಹೊಡೆದುಕೊಳ್ಳುತ್ತದೆ, ಬೆರಳು ಜುಮುಗುಡುತ್ತದೆ. ಮಗಳಿಗೆ ಎಚ್ಚರವಾಗದಂತೆ ಹೊದಿಕೆಯೊಳಗೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ರಕ್ತದ ಆಮ್ಲಜನಕ, ನಾಡಿ ನೋಡುತ್ತೇನೆ. ಆಮ್ಲಜನಕ 98 ಇರುತ್ತದೆ, ನಾಡಿ 112, ನೋಡುತ್ತಿದ್ದಂತೆ 118. ಹೃದಯದ ಪರೀಕ್ಷೆಗಳಾದ ಇಸಿಜಿ, ಎಕೋ ಎರಡೂ ಸರಿಯಿವೆ. ಮುಟ್ಟಿನ ಸ್ರಾವ ಈಚೆಗೆ ಹೆಚ್ಚು. ಇವರು ‘ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ’ ಎನ್ನುತ್ತಾರೆ. ಕುಂದಾಪುರದಿಂದ ಅಮ್ಮ ‘ಮಗಳನ್ನು ಕರೆದುಕೊಂಡು ಬಂದುಬಿಡು’ ಎನ್ನುತ್ತಾರೆ. ಇವರೊಬ್ಬರನ್ನೇ ಬಿಟ್ಟು ಹೋಗಲೇ? ನನಗೆ ಹುಚ್ಚು ಹಿಡಿಯುತ್ತಿದೆಯೇ?
— ಡೊಂಬಿವಲಿಯ ಓದುಗಿ, ಜೂನ್ 2021

ತಂಗೀ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ನೀವು ಹೆದರಿದ್ದೀರಿ, ಹೆದರುವುದಕ್ಕೆ ಕಾರಣವೂ ಎದುರು ಬಾಗಿಲಲ್ಲೇ ಇತ್ತು. ಕಳೆದ ವರ್ಷ ನಾನು ಹಾಲಿನ ಪೊಟ್ಟಣವನ್ನು ಸೋಪು ಹಚ್ಚಿ ತೊಳೆದು, ಆಮೇಲೆ ಆ ಸೋಪನ್ನೂ ತೊಳೆದವಳು. ನಿಮ್ಮನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ.

‘ಗ್ಯಾಸ್’ ಎಂಬ ಮಾತಿನ ಮೇಲೆ ಮಾತ್ರ ನನಗೆ ಹಳೆಯ ಸಿಟ್ಟಿದೆ. ಹೆಂಗಸರ ಎದೆಯಲ್ಲಿ ಏನೇ ಆದರೂ ನಮ್ಮ ಮನೆಗಳಲ್ಲಿ ಅದು ಹೊಟ್ಟೆಯಿಂದಲೇ ಬಂದಿರಬೇಕು! ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದ ಗಟ್ಟಿಮುಟ್ಟಾದ ಸೈನಿಕರೂ ಇದನ್ನೇ ಹೇಳಿಕೊಂಡಿದ್ದರು: ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಾಲದು. ಅವರನ್ನು ಪರೀಕ್ಷಿಸಿದ ಜೇಕಬ್ ದ ಕೋಸ್ಟ ಎಂಬ ವೈದ್ಯ 1871ರಲ್ಲಿ ಇದಕ್ಕೆ ‘ಕೆರಳಿದ ಹೃದಯ’ ಎಂಬರ್ಥದ ಹೆಸರಿಟ್ಟು ಬರೆದ. ಹೃದಯದಲ್ಲಿ ಹೇಳಿಕೊಳ್ಳುವಂಥ ರೋಗ ಕಾಣದಿದ್ದರೂ ಅವರ ಸಂಕಟ ಸುಳ್ಳಾಗಿರಲಿಲ್ಲ. ನಿಮ್ಮದೂ ಸುಳ್ಳಲ್ಲ.

ಈಗ ಆ ಹೊದಿಕೆಯೊಳಗೆ ಇಣುಕೋಣ. ಎಚ್ಚರವಾಗುತ್ತದೆ. ದೂರದಲ್ಲಿ ಸೈರನ್ ಕೇಳಿಸಿರಬಹುದು, ಕೇಳಿಸದೆಯೂ ಇರಬಹುದು. ದೇಹ ಅಪಾಯವೆಂದುಕೊಂಡು ರಕ್ತಕ್ಕೆ ಅಡ್ರಿನಲಿನ್ ಎಂಬ ಹಾರ್ಮೋನು ಬಿಡುತ್ತದೆ. ಓಡಲು ಬೇಕಾದ ಸಿದ್ಧತೆ ಅದು. ನೀವೋ ಅಲುಗಾಡದೆ ಮಲಗಿದ್ದೀರಿ. ಓಡುವವಳಿಗೆ ಗೊತ್ತೇ ಆಗದ ಬಡಿತ ಮಲಗಿದವಳ ಕಿವಿಯಲ್ಲಿ ಡೋಲಾಗುತ್ತದೆ. ಕೈ ದಿಂಬಿನಡಿಗೆ ಹೋಗುತ್ತದೆ. 98 ಎಂಬ ಒಳ್ಳೆಯ ಅಂಕಿ ಕಂಡರೂ ಕಣ್ಣು ಅಲ್ಲಿ ನಿಲ್ಲುವುದಿಲ್ಲ, 112ಕ್ಕೆ ಜಾರುತ್ತದೆ. ‘ಅಯ್ಯೋ’ ಎಂದಿರಿ, ಇನ್ನಷ್ಟು ಅಡ್ರಿನಲಿನ್, 118. ವಿಶ್ರಾಂತಿಯಲ್ಲಿ ನಾಡಿ 60ರಿಂದ 100ರ ನಡುವೆ ಇರಬೇಕೆಂಬುದು ನಿಜ, ಆದರೆ ಆ ಹೊತ್ತು ನೀವು ವಿಶ್ರಾಂತಿಯಲ್ಲಿ ಇರಲೇ ಇಲ್ಲವಲ್ಲ! ಇನ್ನು ಬೆರಳಿನ ಜುಮು: ಗಾಬರಿಯಲ್ಲಿ ಉಸಿರನ್ನು ಬೇಗಬೇಗ ಎಳೆದು ಬಿಟ್ಟಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಹಾಗಾಗುತ್ತದೆ. ಇಂಥ ದಿಗಿಲು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನೇ ಇಳಿಯುತ್ತದೆ. ನೀವು ಮಾತ್ರ ಆ ಯಂತ್ರ ಹಿಡಿದು ಮತ್ತೆ ಮತ್ತೆ ಹತ್ತಿಸುತ್ತಿದ್ದೀರಿ.

ಆದ್ದರಿಂದ ಆಕ್ಸಿಮೀಟರನ್ನು ಇಂದೇ ಯಜಮಾನರ ಕೈಗೆ ಕೊಡಿ, ಅವರ ಕಪಾಟಿನಲ್ಲಿ ಇರಲಿ. ಜ್ವರ, ಕೆಮ್ಮು, ಏದುಸಿರು ಬಂದರೆ ತೆಗೆಯಿರಿ. ಬರೀ ಹೆದರಿಕೆಗೆ ಬೇಡ. ಮೊದಲ ನಾಲ್ಕೈದು ರಾತ್ರಿ ಕೈ ತವಕಿಸುತ್ತದೆ, ಸಹಿಸಿಕೊಳ್ಳಬೇಕು. ಎಚ್ಚರವಾದಾಗ ಎದ್ದು ಕುಳಿತು ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ನಿಮಿಷಕ್ಕೆ ಆರು ಉಸಿರಾಯಿತು. ಎಣಿಕೆ ಬೇಸರವಾದರೆ ಬಾಯಿಪಾಠವಿರುವ ದಾಸರ ಪದವೊಂದನ್ನು ಬಾಯಿ ಮುಚ್ಚಿ ಗುನುಗಿ. ಸಾಲು ಮುಗಿಯುವವರೆಗೆ ಉಸಿರು ನಿಧಾನವಾಗಿ ಹೊರಹೋಗಲೇಬೇಕಾಗುತ್ತದೆ.

ಆದರೆ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ನಾನು ಸಿದ್ಧಳಿಲ್ಲ. ಸ್ರಾವ ಹೆಚ್ಚೆಂಬ ಮಾತನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಕಣ್ಣು ನಿಂತದ್ದೇ ಅಲ್ಲಿ. ರಕ್ತ ಕಡಿಮೆಯಾದರೂ ಎದೆ ಹೀಗೇ ಬಡಿಯುತ್ತದೆ, ಥೈರಾಯ್ಡ್ ಹೆಚ್ಚಾದರೂ ಬಡಿಯುತ್ತದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಈ ವಾರವೇ ಆಗಲಿ. ಕೋವಿಡ್ ವಾಸಿಯಾದ ಮೇಲೂ ಕೆಲವರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ನಾಡಿ ಓಡುವುದುಂಟು. ನಿಮಗೆ ಏಪ್ರಿಲ್‌ನಲ್ಲಿ ಬಂದಿತ್ತೆಂದು ವೈದ್ಯರಿಗೆ ಹೇಳಿ. ಬೇಕೆನಿಸಿದರೆ ಅವರು ಇಪ್ಪತ್ನಾಲ್ಕು ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಕಟ್ಟಿ ಕಳಿಸಿಯಾರು. ಮೂಗು ಕಟ್ಟಿದ್ದಕ್ಕೆಂದು ಮಾತ್ರೆ ನುಂಗುತ್ತಿದ್ದರೆ ಅದನ್ನೂ ತೋರಿಸಿ, ಕೆಲವು ಬಡಿತ ಏರಿಸುತ್ತವೆ. ಫಿಲ್ಟರ್ ಕಾಫಿ ಬೆಳಿಗ್ಗೆ ಒಂದು ಲೋಟ ಇರಲಿ, ಸಂಜೆಯದು ನಿಲ್ಲಲಿ. (ಉಡುಪಿ ಹೋಟೆಲಿನವರ ಮನೆಗೆ ಈ ಮಾತು ಹೇಳುವುದು ಕಷ್ಟವೇ.)

ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲಾಗಿ ಬಿದ್ದರೆ, ಕುಳಿತಲ್ಲೇ ಏದುಸಿರು ಬಂದರೆ, ಇಲ್ಲವೇ ಬಡಿತ ಇಳಿಯುವ ಲಕ್ಷಣವೇ ಕಾಣದಿದ್ದರೆ ದಾಸರ ಪದವೂ ಬೇಡ, ನನ್ನ ಅಂಕಣವೂ ಬೇಡ. ನೇರ ಆಸ್ಪತ್ರೆಗೆ ಹೋಗಿ.

ಯಜಮಾನರ ವಿಷಯ. ಕೋವಿಡ್ ನಿರ್ಬಂಧಗಳಿಂದ ಹೋಟೆಲ್ ವ್ಯಾಪಾರ ಕುಂಟುತ್ತಿರುವ ದಿನಗಳಿವು. ಗಲ್ಲಾ ಪೆಟ್ಟಿಗೆಯ ಮುಂದೆ ಕೂತವರೂ ಹೆದರಿಯೇ ಇರುತ್ತಾರೆ, ಹೇಳುವುದಿಲ್ಲ ಅಷ್ಟೆ. ರಾತ್ರಿ ಎರಡಕ್ಕೆ ವಾದ ಬೇಡ. ಹಗಲಿನಲ್ಲಿ, ಊಟವಾದ ಮೇಲೆ, ‘ನನಗೆ ಹೆದರಿಕೆಯಾದಾಗ ನಿಮ್ಮನ್ನು ಎಬ್ಬಿಸುತ್ತೇನೆ. ಮದ್ದು ಹೇಳಬೇಡಿ, ಹತ್ತು ನಿಮಿಷ ಪಕ್ಕದಲ್ಲಿ ಕೂತಿರಿ’ ಎಂದು ಸ್ಪಷ್ಟವಾಗಿ ಕೇಳಿ. ಮಾಡಬೇಕಾದದ್ದು ಇಂಥದ್ದೇ ಎಂದು ಗೊತ್ತಾದರೆ ಗಂಡಸರು ಮಾಡುತ್ತಾರೆ.

ಊರಿಗೆ ಹೋಗುವುದು ತಪ್ಪಲ್ಲ. ಅಮ್ಮನ ಕೈಯ ಗಂಜಿ, ಮಳೆಯ ಸದ್ದು ಯಾರಿಗೆ ಬೇಡ? ಆದರೆ ಈ ಬಡಿತದಿಂದ ತಪ್ಪಿಸಿಕೊಳ್ಳಲೆಂದು ಈಗಲೇ ಹೊರಟರೆ ಮತ್ಸ್ಯಗಂಧ ರೈಲಿನಲ್ಲಿ ಅದೂ ಟಿಕೆಟಿಲ್ಲದೆ ನಿಮ್ಮ ಪಕ್ಕದಲ್ಲೇ ಕೂತಿರುತ್ತದೆ. ಪರೀಕ್ಷೆಗಳು ಮುಗಿಯಲಿ, ಒಂದೆರಡು ವಾರ ಯಂತ್ರವಿಲ್ಲದೆ ಮಲಗಿ ನೋಡಿ, ಆಮೇಲೆ ಅಮ್ಮನನ್ನು ನೋಡಲು ಹೋಗಿ. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಇದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಆದರೆ ಸಾಮಾನ್ಯರಿಗೆ ಲೋಕಲ್ ರೈಲು ಇಲ್ಲದ 2021ರ ಈ ಕೋವಿಡ್ ದಿನಗಳಲ್ಲಿ ಡೊಂಬಿವಲಿಯಿಂದ ಅಲ್ಲಿಗೆ ಮುಟ್ಟುವುದೇ ಇನ್ನೊಂದು ಎದೆಬಡಿತ. ಹತ್ತಿರದವರನ್ನು ಹುಡುಕಿ, ಫೋನಿನಲ್ಲಿ ಸಮಾಲೋಚನೆ ಕೊಡುವವರೂ ಇದ್ದಾರೆ.

ರಕ್ತದ ವರದಿ ಬಂದ ಮೇಲೆ ಎರಡು ಸಾಲು ಬರೆಯಿರಿ. ನಾಡಿಯ ಅಂಕಿ ಬರೆಯಬೇಡಿ.