ಮಗ ಹೇಳಿದ್ದು ಸರಿ, ಆದರೆ ನಿಮ್ಮ ಟವರ್ ದೂರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಟವರ್ ಮೂರು ಕಿಲೋಮೀಟರ್ ಆಚೆ ಗುಡ್ಡದ ಮೇಲೆ. ಸಿಗೋದು ಒಂದೇ ಕಡ್ಡಿ ಸಿಗ್ನಲ್, ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ನಿಯರ್ ಫೀಲ್ಡ್ ಬೀಮ್‌ಫಾರ್ಮಿಂಗ್ ಬಂದರೆ ಟವರಿಗೂ ಫೋನಿಗೂ ಕರೆಂಟ್ ಉಳಿಯುತ್ತದೆ ಅಂತಾನೆ ಮಗ. ನಿಜವಾ ಸಾರ್?

ಉತ್ತರ: ನಿಜ, ಆದರೆ ನಿಮ್ಮ ಮನೆಗಲ್ಲ.

ಮೊದಲು ಬೀಮ್‌ಫಾರ್ಮಿಂಗ್ ಅಂದರೇನು ನೋಡೋಣ: ಸಿಗ್ನಲನ್ನು ಎಲ್ಲೆಡೆ ಚೆಲ್ಲದೆ ಒಬ್ಬರ ಫೋನಿನ ಕಡೆಗೇ ತಿರುಗಿಸೋದು. ಹಳೇ ಆಂಟೆನಾ ಒಂದು ಇಡೀ ದಿಕ್ಕಿಗೆ ಸಿಗ್ನಲ್ ಚೆಲ್ಲುತ್ತದೆ, ಅದರಲ್ಲಿ ಮುಕ್ಕಾಲು ಪಾಲು ಕಾಡಿಗೆ, ಧರೆಗೆ, ಮರಕ್ಕೆ ಹೋಗುತ್ತದೆ. ಅದರ ಬದಲು 64 ಸಣ್ಣ ಆಂಟೆನಾಗಳ ಅಲೆಗಳು ನಿಮ್ಮ ಫೋನಿಗೆ ಒಂದೇ ತಾಳದಲ್ಲಿ ಬಂದು ಸೇರಿದರೆ, ಲೆಕ್ಕದ ಪ್ರಕಾರ 64ರಲ್ಲಿ ಒಂದು ಪಾಲು ಶಕ್ತಿ ಸಾಕು. ಲೆಕ್ಕದ ಪ್ರಕಾರ ಮಾತ್ರ. ಪ್ರತಿ ಆಂಟೆನಾದ ಹಿಂದಿರುವ ಸರ್ಕ್ಯೂಟೂ ಕರೆಂಟ್ ತಿನ್ನುತ್ತದೆ, ಹಾಗಾಗಿ ಆಂಟೆನಾ ಜಾಸ್ತಿ ಮಾಡಿದಷ್ಟೂ ಉಳಿತಾಯ ಅಂದುಕೊಳ್ಳಬೇಡಿ.

ಇನ್ನು 'ನಿಯರ್ ಫೀಲ್ಡ್', ಅಂದರೆ ಆಂಟೆನಾಕ್ಕೆ 'ಹತ್ತಿರ'ದ ಜಾಗ. ಒಂದು ಮೀಟರ್ ಅಗಲದ, ಸಣ್ಣ ಆಂಟೆನಾಗಳ ಪ್ಯಾನೆಲ್ ಇದೆ, ಅದರೆದುರು ಹತ್ತು ಮೀಟರ್ ದೂರದಲ್ಲಿ ನೀವು ನಿಂತಿದ್ದೀರಿ ಅಂದುಕೊಳ್ಳಿ. ಪ್ಯಾನೆಲ್ಲಿನ ನಡುವಿನಿಂದ ಬರುವ ಅಲೆಗಿಂತ ಅಂಚಿನಿಂದ ಬರುವ ಅಲೆ ಸುಮಾರು 1.25 ಸೆಂಟಿಮೀಟರ್ ಹೆಚ್ಚು ದಾರಿ ನಡೆಯಬೇಕು. 5ಜಿಯ ಮೇಲಿನ ಬ್ಯಾಂಡ್ ಆದ 26 ಗಿಗಾಹರ್ಟ್ಜ್‌ನಲ್ಲಿ ಒಂದು ಅಲೆಯ ಉದ್ದವೇ 1.15 ಸೆಂಟಿಮೀಟರ್! ಅಂದರೆ ಒಂದು ಇಡೀ ಅಲೆಗಿಂತ ಜಾಸ್ತಿ ವ್ಯತ್ಯಾಸ. ಇದನ್ನು ಸರಿಮಾಡದಿದ್ದರೆ ಅಲೆಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ, ಕರೆಂಟ್ ದಂಡ. ಅಂಚಿನ ಅಲೆಗಳನ್ನು ಸ್ವಲ್ಪ ಮೊದಲೇ ಹೊರಡಿಸಿದರೆ ಎಲ್ಲವೂ ಒಟ್ಟಿಗೆ ತಲುಪುತ್ತವೆ, ಭೂತಗನ್ನಡಿಯಲ್ಲಿ ಬಿಸಿಲು ಒಂದು ಚುಕ್ಕೆಗೆ ಕೂಡುವ ಹಾಗೆ. ಒಂದೇ ದಿಕ್ಕಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿದ್ದರೂ ಇಬ್ಬರಿಗೂ ಬೇರೆ ಬೇರೆ ಚುಕ್ಕೆ ಇಡಬಹುದು. ಒಬ್ಬರ ಸಿಗ್ನಲ್ ಇನ್ನೊಬ್ಬರಿಗೆ ಅಡ್ಡ ಬರದಿದ್ದರೆ ಜೋರಾಗಿ ಕೂಗುವ ಅಗತ್ಯವೂ ಇಲ್ಲ, ಅಲ್ವಾ? ರೈಲು ನಿಲ್ದಾಣ, ಕಲ್ಯಾಣ ಮಂಟಪದಂಥ ಜನ ತುಂಬಿದ ಜಾಗಕ್ಕೆ ಹೇಳಿ ಮಾಡಿಸಿದ್ದು.

ಈಗ ನಿಮ್ಮ ಗುಡ್ಡದ ಟವರ್. ಅದೇ ಪ್ಯಾನೆಲ್ ಅಲ್ಲಿದ್ದರೂ ಮೂರು ಕಿಲೋಮೀಟರಿನಲ್ಲಿ ಆ ವ್ಯತ್ಯಾಸ 0.04 ಮಿಲಿಮೀಟರ್, ಕೂದಲಿಗಿಂತ ಸಣ್ಣದು. ಚುಕ್ಕೆ ಮೂಡೋದೇ ಇಲ್ಲ. ಹಳ್ಳಿಗೆ ಒದಗುವ 700 ಮೆಗಾಹರ್ಟ್ಜ್‌ನಲ್ಲಿ, ಎರಡು ಮೀಟರಿನ ಆಂಟೆನಾ ಇಟ್ಟರೂ ಈ 'ಹತ್ತಿರ' ಅನ್ನೋದು 19 ಮೀಟರಿಗೆ ಮುಗಿಯಿತು. ಟವರಿನ ಬುಡದಲ್ಲಿ ದನ ಮೇಯಿಸುವವನಿಗೆ ಸಿಕ್ಕೀತೇನೋ.

ನಿಮ್ಮ ಬ್ಯಾಟರಿ ಕಥೆ ಬೇರೆ. ನಿಮ್ಮ ಫೋನಿನ ದನಿ ಟವರಿಗೆ ಸರಿಯಾಗಿ ಕೇಳುತ್ತಿಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ತನ್ನ ಗರಿಷ್ಠ ಶಕ್ತಿ, ಸುಮಾರು 200 ಮಿಲಿವ್ಯಾಟ್‌ವರೆಗೂ ಏರಿಸಿಕೊಂಡು ಕೂಗುತ್ತದೆ. ಆ ದನಿ ಹೊರಡಿಸಲು ಬ್ಯಾಟರಿಯಿಂದ ಎಳೆಯೋದು ಅದಕ್ಕಿಂತ ತುಂಬಾ ಜಾಸ್ತಿ, ಉಳಿದದ್ದು ಶಾಖ. ಕೈಗೆ ಬಿಸಿ ತಾಗುತ್ತದಲ್ಲ, ಅದೇ. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಇಲ್ಲದಿದ್ದರೆ ಸೆಟ್ಟಿಂಗ್‌ನಲ್ಲಿ 4ಜಿಗೆ ನಿಲ್ಲಿಸಿ, ಫೋನನ್ನು ಟವರ್ ಕಡೆಯ ಉಪ್ಪರಿಗೆ ಕಿಟಕಿಯಲ್ಲಿಡಿ. ಆನ್‌ಲೈನಲ್ಲಿ ಸಿಗುವ ಬೂಸ್ಟರ್ ತರಿಸಬೇಡಿ, ಅನುಮತಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ. ಸಿಗ್ನಲ್ಲೇ ಇಲ್ಲದ ತೋಟದ ತಗ್ಗಿಗೆ ಇಳಿಯುವಾಗ ಏರೋಪ್ಲೇನ್ ಮೋಡ್ ಹಾಕಿ. ಮನೆಯಲ್ಲಿ ಹೇಳಿ ಹೋಗಿ ಮತ್ತೆ, ಇಲ್ಲದಿದ್ದರೆ ಹುಡುಕಿಕೊಂಡು ಬಂದಾರು.