ಹಂದಿ ಬೇಟೆಗೆ ಟೆರಿಯರ್ ಆದೀತೇ?

ಪ್ರಶ್ನೆ: ಕಾಡುಹಂದಿ ಬೇಟೆಗೆ ದೊಡ್ಡ ನಾಯಿಗಳ ಬದಲು ಟೆರಿಯರ್ ಸಾಕಬಹುದೇ? ಗಾತ್ರ ಚಿಕ್ಕದು, ಖರ್ಚೂ ಕಡಿಮೆ ಅಲ್ವಾ?

ಉತ್ತರ: ಊಟದ ಖರ್ಚು ಕಡಿಮೆ, ನಿಜ. ಉಳಿಸಿದ್ದು ಹೊಲಿಗೆ ಹಾಕುವ ಡಾಕ್ಟರಿಗೆ ಹೋಗುತ್ತದೆ! (ಬೇಟೆಗೆ ಕಾನೂನಿನ ಅನುಮತಿ ಇರುವ ಕಡೆಯ ಮಾತು ಇದು.) ಜರ್ಮನಿಯ ಯಾಗ್ಡ್‌ಟೆರಿಯರ್ ತೂಕ ಸುಮಾರು 10 ಕೆ.ಜಿ. ಎದುರಿನ ಗಂಡುಹಂದಿ 100 ಕೆ.ಜಿ. ದಾಟಿರಬಹುದು. ಆದರೂ ಇದು ಹಿಂಜರಿಯುವುದಿಲ್ಲ. ಗುಣವೂ ಅದೇ, ದೋಷವೂ ಅದೇ.

ದೊಡ್ಡ ನಾಯಿ ನುಗ್ಗಲಾಗದ ಮುಳ್ಳುಪೊದೆಗೆ ಟೆರಿಯರ್ ನುಸುಳಿ, ಬೊಗಳಿ ಬೊಗಳಿ ಹಂದಿಯನ್ನು ಎಬ್ಬಿಸುತ್ತದೆ. ನಾನು ಮೆಚ್ಚುವುದು ಈ ಕೆಲಸವನ್ನೇ. ಹಿಡಿದು ನಿಲ್ಲಿಸುವ ಕೆಲಸ ಮಾತ್ರ ಅದಕ್ಕೆ ಕೊಡಬೇಡಿ. ಹಂದಿ ತಲೆ ತಗ್ಗಿಸಿ, ಕೋರೆಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ ಸೀಳುತ್ತದೆ. ಗಿಡ್ಡ ನಾಯಿಯ ಎದೆ, ಕತ್ತು ಸರಿಯಾಗಿ ಆ ಎತ್ತರಕ್ಕೇ ಸಿಗುತ್ತವೆ. ಕತ್ತಿಗೆ ಅಗಲ ಪಟ್ಟಿ, ಎದೆಗೆ ಕವಚ ಬೇಕೇ ಬೇಕು. ಸೆಕೆಯಲ್ಲಿ ಕವಚದೊಳಗೆ ಮೈ ಬೇಗ ಕಾಯುತ್ತದೆ, ನೀರು ಕೊಡ್ತಾ ಇರಿ.

ಹಸಿ ಹಂದಿಮಾಂಸ ತಿನ್ನಿಸಬೇಡಿ. ಅದರಿಂದ ಔಜೆಸ್ಕಿ ಎಂಬ, ಹಂದಿಗಳಿಂದ ಹರಡುವ ವೈರಸ್ ರೋಗ ತಗುಲಿದರೆ ನಾಯಿ ಉಳಿಯುವುದಿಲ್ಲ. ಎರಡು ಗಂಡು ಟೆರಿಯರ್ ಒಟ್ಟಿಗೆ ಬಿಟ್ಟರೆ ಹಂದಿ ಸಿಗುವ ಮೊದಲೇ ಪರಸ್ಪರ ಕಚ್ಚಾಡುವುದೂ ಉಂಟು.